ಮರಳನ್ನೂ ಎಣಿಸಿದ ಆರ್ಕಿಮಿಡೀಸ್

ಕಳೆದ ಅನಂತ ಚತುರ್ದಶಿಯ ಸಂಜೆ ಮೊಮ್ಮಗನ ಕೈ ಹಿಡಿದುಕೊಂಡು ಕೋಪರಿಯ ಖಾಡಿ ದಡದಲ್ಲಿ ನಿಂತಿದ್ದೆ. ಒಂದರ ಹಿಂದೊಂದು ಗಣಪತಿ ಬರುತ್ತಿತ್ತು, ಆರತಿಯಾಗುತ್ತಿತ್ತು, ನೀರಿಗಿಳಿಯುತ್ತಿತ್ತು. ನಮ್ಮ ಮನೆಯ ಒಂದೂವರೆ ದಿನದ ಮಣ್ಣಿನ ಗಣಪತಿಯನ್ನು ನಾವು ಬಕೆಟ್ಟಿನಲ್ಲೇ ವಿಸರ್ಜನೆ ಮಾಡಿದ್ದೆವು. ಬಕೆಟ್ಟಿಗೆ ಕಂಠಮಟ್ಟ ನೀರು ತುಂಬಿಸಿದ್ದು ನನ್ನದೇ ತಪ್ಪು. ಗಣಪತಿ ಒಳಗಿಳಿದದ್ದೇ ತಡ, ನೀರು ಉಕ್ಕಿ ಬಾಲ್ಕನಿಯೆಲ್ಲ ಒದ್ದೆಯಾಗಿತ್ತು. ಮೂರನೇ ತರಗತಿಯ ಹುಡುಗ ಅದನ್ನು ಮರೆತಿರಲಿಲ್ಲ. ಇಷ್ಟು ಗಣಪತಿಗಳು ಮುಳುಗಿದರೆ ಸಮುದ್ರದ ನೀರು ಮೇಲೆ ಬರುವುದಿಲ್ಲವೇ ಅಜ್ಜಿ ಎಂದು ಕೇಳಿದ. ಹಡಗುಗಳು, ತಿಮಿಂಗಿಲಗಳು, ಅಷ್ಟೊಂದು ಮೀನುಗಳು ಇವೆಲ್ಲ ಇಲ್ಲದಿದ್ದರೆ ನೀರು ಎಷ್ಟು ಕೆಳಗಿರುತ್ತಿತ್ತು ಎಂದೂ ಕೇಳಿದ.

ಸಮುದ್ರ ಬಹಳ ದೊಡ್ಡದು, ಅದಕ್ಕೇನೂ ಆಗುವುದಿಲ್ಲ ಎಂದು ನಾನು ಹೇಳಿದೆ. ಹಾಗಾದರೆ ಎಷ್ಟು ದೊಡ್ಡದು ಎಂದ. ನನ್ನ ಬಳಿ ಉತ್ತರವಿರಲಿಲ್ಲ.

ಆ ರಾತ್ರಿ ನನಗೆ ಹೈಸ್ಕೂಲಿನಲ್ಲಿ ಓದಿದ ಆರ್ಕಿಮಿಡೀಸ್ ನೆನಪಾದ. ಸ್ನಾನದ ತೊಟ್ಟಿಯಿಂದ ಎದ್ದು ಮೈಮೇಲೆ ಬಟ್ಟೆಯಿಲ್ಲದೆ ಬೀದಿಯಲ್ಲಿ ಓಡಿದ ಎನ್ನುವುದಷ್ಟೇ ನಮಗೆಲ್ಲ ನೆನಪಿರುವ ಆರ್ಕಿಮಿಡೀಸ್. ಆತನ ಬದುಕನ್ನು ಹುಡುಕಿ ಓದತೊಡಗಿದೆ. ಓದುತ್ತ ಹೋದಂತೆ ಮೊಮ್ಮಗನ ಪ್ರಶ್ನೆಗೂ ಉತ್ತರ ಸಿಕ್ಕಿತು, ನಾನು ಕೊಟ್ಟಿದ್ದ ಉತ್ತರದ ತಪ್ಪೂ ಕಂಡಿತು. ಅದನ್ನೇ ಈ ಸಂಚಿಕೆಯಲ್ಲಿ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಆರ್ಕಿಮಿಡೀಸ್ ಹುಟ್ಟಿದ್ದು ಸುಮಾರು ಕ್ರಿ.ಪೂ. 287ರಲ್ಲಿ, ಈಗ ಇಟಲಿಗೆ ಸೇರಿರುವ ಸಿಸಿಲಿ ದ್ವೀಪದ ಸಿರಾಕ್ಯೂಸ್ ಎಂಬ ಗ್ರೀಕ್ ನಗರದಲ್ಲಿ. ನಮ್ಮಲ್ಲಿ ಅಶೋಕ ಚಕ್ರವರ್ತಿ ಆಳುತ್ತಿದ್ದ ಕಾಲದಲ್ಲಿ ಅಲ್ಲಿ ಆತ ಯುವಕ. ಸಿರಾಕ್ಯೂಸ್ ಬಂದರು ಪಟ್ಟಣ. ಹಾಯಿ ಹಡಗುಗಳು, ಮೀನುಗಾರರು, ಧಾನ್ಯದ ವ್ಯಾಪಾರಿಗಳು ಇವರ ನಡುವೆ ಬೆಳೆದ ಹುಡುಗ. ತಂದೆ ಫಿಡಿಯಾಸ್ ಖಗೋಳಶಾಸ್ತ್ರಜ್ಞ. ಆಗಿನ ವಿದ್ಯಾಕೇಂದ್ರವಾಗಿದ್ದ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಆತ ಕೆಲಕಾಲ ಓದಿರಬೇಕೆಂದು ವಿದ್ವಾಂಸರು ಹೇಳುತ್ತಾರೆ. ಅಲ್ಲಿನ ಕಾನನ್, ಭೂಮಿಯ ಸುತ್ತಳತೆಯನ್ನು ಲೆಕ್ಕ ಹಾಕಿದ ಎರಟೋಸ್ತನೀಸ್ ಇವರೆಲ್ಲ ಆತನ ಸ್ನೇಹಿತರು. ಊರಿಗೆ ಮರಳಿದ ಮೇಲೂ ತಾನು ಕಂಡುಕೊಂಡದ್ದನ್ನು ಪತ್ರದೊಂದಿಗೆ ಅಲೆಕ್ಸಾಂಡ್ರಿಯಾದ ಗೆಳೆಯರಿಗೆ ಕಳಿಸುತ್ತಿದ್ದ. ಹೊಲಕ್ಕೆ ನೀರೆತ್ತುವ ತಿರುಪಿನಾಕಾರದ ಯಂತ್ರಕ್ಕೆ ಇಂದಿಗೂ ಆತನ ಹೆಸರೇ ಇದೆ.

ಲೆಕ್ಕದಲ್ಲಿ ಮುಳುಗಿದರೆ ಆತನಿಗೆ ಊಟದ ನೆನಪೂ ಇರುತ್ತಿರಲಿಲ್ಲ ಎಂದು ಮುಂದಿನ ಕಾಲದ ಇತಿಹಾಸಕಾರ ಪ್ಲುಟಾರ್ಕ್ ಬರೆದಿದ್ದಾನೆ. ಸೇವಕರು ಒತ್ತಾಯದಿಂದ ಸ್ನಾನಕ್ಕೆ ಎಳೆದುಕೊಂಡು ಹೋಗಬೇಕಿತ್ತಂತೆ. ಮೈಗೆ ಎಣ್ಣೆ ಹಚ್ಚಿದರೆ ಆ ಎಣ್ಣೆಯ ಮೇಲೆಯೇ ಬೆರಳಿನಿಂದ ವೃತ್ತ, ತ್ರಿಕೋನ ಬರೆಯುತ್ತಿದ್ದನಂತೆ. ಇಂಥ ಒಬ್ಬರಾದರೂ ನಮ್ಮ ಮನೆಗಳಲ್ಲಿ ಇರುತ್ತಾರೆ, ಅವರ ಹಿಂದೆ ತಟ್ಟೆ ಹಿಡಿದು ತಿರುಗುವ ಕಷ್ಟ ನಮಗೆ ಗೊತ್ತು.

ಸಿರಾಕ್ಯೂಸಿನ ರಾಜ ಎರಡನೇ ಹಿಯರೋ ಆತನ ಆಪ್ತ. ಪ್ರಸಿದ್ಧವಾದ ಕಿರೀಟದ ಕಥೆ ಈ ರಾಜನದೇ. ದೇವರಿಗೆ ಒಪ್ಪಿಸಲು ಕೊಟ್ಟ ಬಂಗಾರದಲ್ಲಿ ಅಕ್ಕಸಾಲಿ ಸ್ವಲ್ಪ ಕದ್ದು ಬೆಳ್ಳಿ ಬೆರೆಸಿದ್ದಾನೆಂದು ರಾಜನಿಗೆ ಅನುಮಾನ. ತೂಕ ಸರಿಯಾಗಿದೆ, ಕಿರೀಟ ಕರಗಿಸುವಂತಿಲ್ಲ. ತುಂಬಿದ ತೊಟ್ಟಿಯಲ್ಲಿ ಕುಳಿತಾಗ ನೀರು ಚೆಲ್ಲಿದ್ದನ್ನು ಕಂಡು ಆರ್ಕಿಮಿಡೀಸನಿಗೆ ಉಪಾಯ ಹೊಳೆಯಿತು. ಒಂದು ಕಿಲೋ ಬಂಗಾರ ಮುಳುಗಿದರೆ ಸುಮಾರು 52 ಮಿಲಿಲೀಟರ್ ನೀರಿನ ಜಾಗ ಸಾಕು, ಒಂದು ಕಿಲೋ ಬೆಳ್ಳಿಗೆ ಸುಮಾರು 95 ಬೇಕು. ಬೆಳ್ಳಿ ಬೆರೆತ ಕಿರೀಟ ಹೆಚ್ಚು ನೀರನ್ನು ಹೊರಗೆ ತಳ್ಳಲೇಬೇಕು. ಹೀಗೆ ಕಳ್ಳತನ ಬಯಲಾಯಿತು.

ಈ ಕಥೆ ಆರ್ಕಿಮಿಡೀಸನ ಬರಹಗಳಲ್ಲಿ ಇಲ್ಲ. ಆತ ತೀರಿಕೊಂಡು ಸುಮಾರು ಎರಡು ಶತಮಾನಗಳ ನಂತರ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಬರೆದದ್ದು. ಚೆಲ್ಲಿದ ನೀರನ್ನು ಅಳೆಯುವುದಕ್ಕಿಂತ ಕಿರೀಟವನ್ನೂ ಅಷ್ಟೇ ತೂಕದ ಶುದ್ಧ ಬಂಗಾರವನ್ನೂ ತಕ್ಕಡಿಗೆ ಕಟ್ಟಿ ನೀರೊಳಗೆ ತೂಗಿ ನೋಡಿರಬೇಕು ಎಂದು 1586ರಲ್ಲಿ, ತನ್ನ 22ನೇ ವಯಸ್ಸಿನಲ್ಲಿ, ಗೆಲಿಲಿಯೋ ವಾದಿಸಿದ. ನನಗೂ ಅದೇ ಸರಿಯೆನಿಸುತ್ತದೆ. ಚಿನ್ನದ ವಿಷಯದಲ್ಲಿ ತಕ್ಕಡಿಯನ್ನು ಬಿಟ್ಟು ಬೇರೆಯದನ್ನು ನಾವು ನಂಬುತ್ತೇವೆಯೇ?

ಆರ್ಕಿಮಿಡೀಸ್ ತಾನೇ ಬರೆದದ್ದು ತೇಲುವ ವಸ್ತುಗಳ ಕುರಿತ ಎರಡು ಭಾಗಗಳ ಗ್ರಂಥ. ಅದರ ಆರಂಭದಲ್ಲೇ ಆತ ಒಂದು ದೊಡ್ಡ ಮಾತನ್ನು ಸಾಧಿಸಿ ತೋರಿಸುತ್ತಾನೆ. ಅಲುಗಾಡದೆ ನಿಂತ ನೀರಿನ ಮೇಲ್ಮೈ ಚಪ್ಪಟೆಯಲ್ಲ, ಭೂಮಿಯ ಕೇಂದ್ರವನ್ನೇ ಕೇಂದ್ರವಾಗಿ ಉಳ್ಳ ಗೋಲದ ಮೈ ಅದು. ನಾವು ಇಂದು ಸಮುದ್ರಮಟ್ಟ ಎನ್ನುವ ಕಲ್ಪನೆಯ ಬೇರು ಇಲ್ಲಿದೆ. ಸಮುದ್ರಗಳೆಲ್ಲ ಸೇರಿ ಒಂದೇ ಪಾತ್ರೆ. ಇಲ್ಲಿ ಹಾಕಿದ್ದು ಕೊನೆಗೆ ಎಲ್ಲ ಕಡೆಗೂ ಹರಡಿಕೊಳ್ಳುತ್ತದೆ.

ಆಮೇಲೆ ಬರುವುದು ಆತನ ಹೆಸರು ಪಡೆದ ನಿಯಮ. ತೇಲುವ ವಸ್ತು ತನ್ನ ತೂಕದಷ್ಟು ನೀರನ್ನು ಸರಿಸುತ್ತದೆ. ಮುಳುಗುವ ವಸ್ತು ತನ್ನ ಗಾತ್ರದಷ್ಟು ನೀರನ್ನು ಸರಿಸುತ್ತದೆ, ಮತ್ತು ಆ ನೀರಿನ ತೂಕದಷ್ಟು ಹಗುರವಾಗುತ್ತದೆ. ಅಡುಗೆಮನೆಯಲ್ಲಿ ಇದನ್ನು ನಾವು ದಿನವೂ ನೋಡುತ್ತೇವೆ. ಖಾಲಿ ತಾಮ್ರದ ಚೊಂಬು ಹಂಡೆಯಲ್ಲಿ ತೇಲುತ್ತದೆ. ಅದೇ ಚೊಂಬನ್ನು ಜಜ್ಜಿ ಉಂಡೆ ಮಾಡಿ ಹಾಕಿದರೆ ತಳ ಸೇರುತ್ತದೆ. ತೂಕ ಒಂದೇ, ಸರಿಸಿದ ನೀರು ಬೇರೆ.

ಇದರಿಂದ ಗಣಪತಿಯ ಬಗ್ಗೆ ಒಂದು ಸೋಜಿಗ ತಿಳಿಯಿತು. ಗಟ್ಟಿ ಮಣ್ಣಿನ ಗಣಪತಿಯನ್ನು ತೆಪ್ಪದ ಮೇಲೆ ಕೂರಿಸಿ ಒಯ್ಯುತ್ತಾರೆ ಎಂದುಕೊಳ್ಳಿ. ತೆಪ್ಪದ ಮೇಲಿರುವಾಗ ಆತ ತನ್ನ ತೂಕದಷ್ಟು ನೀರನ್ನು ಸರಿಸಿರುತ್ತಾನೆ. ನೀರಿಗಿಳಿಸಿದ ಮೇಲೆ ತನ್ನ ಗಾತ್ರದಷ್ಟನ್ನು ಮಾತ್ರ. ಮಣ್ಣು ನೀರಿಗಿಂತ ಭಾರ, ಆದ್ದರಿಂದ ಎರಡನೆಯದು ಕಡಿಮೆ. ಅಂದರೆ ತೆಪ್ಪದಿಂದ ಮುಳುಗಿದ ಗಳಿಗೆಯಲ್ಲಿ ನೀರು ಏರುವುದಿಲ್ಲ, ಕೂದಲೆಳೆಗಿಂತ ಕಡಿಮೆಯಾದರೂ ಇಳಿಯುತ್ತದೆ! ಅದು ಏರಿದ್ದು ಗಣಪತಿ ದಡ ಬಿಟ್ಟು ತೆಪ್ಪವೇರಿದಾಗಲೇ.

ಬರೆದದ್ದನ್ನು ಮಾಡಿ ತೋರಿಸುವ ಅವಕಾಶವೂ ಆರ್ಕಿಮಿಡೀಸನಿಗೆ ಒದಗಿತು. ಹಿಯರೋ ರಾಜ ಸಿರಾಕೂಸಿಯಾ ಎಂಬ ಭಾರೀ ಹಡಗನ್ನು ಕಟ್ಟಿಸಿದ. ಕಟ್ಟಿದವನು ಕೊರಿಂಥಿನ ಆರ್ಕಿಯಾಸ್, ಮೇಲ್ವಿಚಾರಣೆ ಆರ್ಕಿಮಿಡೀಸನದು. ಹಡಗಿನಲ್ಲಿ ಕೈತೋಟ, ಗ್ರಂಥಾಲಯ, ಸ್ನಾನದ ಮನೆ ಎಲ್ಲ ಇದ್ದವೆಂದು ಹಳೆಯ ಬರಹಗಳು ವರ್ಣಿಸುತ್ತವೆ. ನೀರಿಗೆ ಇಳಿಸಲು ಬೇರೆಯವರಿಂದ ಆಗದಿದ್ದಾಗ ಆರ್ಕಿಮಿಡೀಸ್ ಕೆಲವೇ ಜನರನ್ನು ಇಟ್ಟುಕೊಂಡು ತನ್ನ ಯಂತ್ರದಿಂದ ಇಳಿಸಿದನಂತೆ. ತಳದಲ್ಲಿ ಸೇರುವ ನೀರನ್ನು ಆತನ ತಿರುಪಿನ ಯಂತ್ರದಿಂದ ಒಬ್ಬನೇ ಹೊರಹಾಕಬಹುದಿತ್ತಂತೆ. ಇಷ್ಟೆಲ್ಲ ಆದ ಮೇಲೆ ಅಷ್ಟು ದೊಡ್ಡ ಹಡಗಿಗೆ ತಕ್ಕ ಬಂದರುಗಳೇ ಇಲ್ಲವೆಂದು ತಿಳಿದು, ಹಿಯರೋ ಅದನ್ನು ಈಜಿಪ್ಟಿನ ದೊರೆಗೆ ಉಡುಗೊರೆಯಾಗಿ ಕಳಿಸಿಬಿಟ್ಟ.

ಆತನ ಬರಹಗಳಲ್ಲಿ ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ್ದು ಮರಳಿನ ಲೆಕ್ಕ. ಹಿಯರೋವಿನ ಮಗ ಗೆಲೋನನಿಗೆ ಬರೆದ ಪುಟ್ಟ ಪುಸ್ತಕವದು. ಮರಳಿಗೆ ಲೆಕ್ಕವಿಲ್ಲ ಎಂದು ಜನ ಹೇಳುತ್ತಾರೆ, ಅದು ತಪ್ಪು ಎಂದು ತೋರಿಸಲು ಹೊರಟ. ಇಡೀ ವಿಶ್ವವನ್ನು ಮರಳಿನಿಂದ ತುಂಬಿದರೂ ಆ ಕಣಗಳಿಗೊಂದು ಸಂಖ್ಯೆ ಇದೆ ಎನ್ನುವುದು ಆತನ ಹಟ. ಲೆಕ್ಕ ಶುರುವಾಗುವುದು ಒಂದು ಗಸಗಸೆ ಕಾಳಿನಿಂದ. ಒಂದು ಕಾಳಿನ ಜಾಗದಲ್ಲಿ 10,000ಕ್ಕಿಂತ ಹೆಚ್ಚು ಮರಳ ಕಣಗಳು ಹಿಡಿಯಲಾರವು ಎಂದು ಇಟ್ಟುಕೊಂಡ. ಅಲ್ಲಿಂದ ಬೆರಳಿನ ಅಗಲ, ಮೈದಾನ, ಭೂಮಿ, ಸೂರ್ಯ, ನಕ್ಷತ್ರಗಳು ಹೀಗೆ ಏರುತ್ತ ಹೋದ. ಆಗಿನ ಗ್ರೀಕರಲ್ಲಿ ಅಷ್ಟು ದೊಡ್ಡ ಸಂಖ್ಯೆಗಳಿಗೆ ಹೆಸರೇ ಇರಲಿಲ್ಲ, ಅದಕ್ಕೂ ಆತನೇ ಕ್ರಮ ಕಟ್ಟಿದ. ಕೊನೆಗೆ ಬಂದ ಉತ್ತರ, ನಮ್ಮ ಈಗಿನ ರೀತಿಯಲ್ಲಿ ಬರೆದರೆ, 1ರ ಮುಂದೆ 63 ಸೊನ್ನೆ.

ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು. ಸಮುದ್ರ ದೊಡ್ಡದು ಎಂದು ಹೇಳಿ ನಾನು ಲೆಕ್ಕದಿಂದ ತಪ್ಪಿಸಿಕೊಂಡಿದ್ದೆ. ಆರ್ಕಿಮಿಡೀಸನ ಹಾದಿಯಲ್ಲೇ ಮೊಮ್ಮಗನೂ ನಾನೂ ಕುಳಿತು ಲೆಕ್ಕ ಹಾಕಿದೆವು.

ಪ್ರಪಂಚದ ಸಮುದ್ರಗಳ ಒಟ್ಟು ವಿಸ್ತಾರ ಸುಮಾರು 36 ಕೋಟಿ ಚದರ ಕಿಲೋಮೀಟರ್. ಅದರ ಮಟ್ಟ ಒಂದೇ ಒಂದು ಮಿಲಿಮೀಟರ್ ಏರಲು ಸುಮಾರು 36,000 ಕೋಟಿ ಟನ್ ನೀರು ಬೇಕು. ತುಂಬಿದ ಕೃಷ್ಣರಾಜಸಾಗರದಂಥ ಸುಮಾರು 250 ಜಲಾಶಯಗಳ ನೀರು. ಈಗ ಒಂದು ಲಕ್ಷ ಗಣಪತಿಗಳು, ಒಬ್ಬೊಬ್ಬರೂ 20 ಲೀಟರಿನಷ್ಟು ಜಾಗ ಹಿಡಿಯುವವರು ಎಂದುಕೊಂಡೆವು. ಸಮುದ್ರ ಏರುವುದು ಒಂದು ಪರಮಾಣುವಿನ ಅಗಲಕ್ಕಿಂತಲೂ ಕಡಿಮೆ. ಇನ್ನು ಹಡಗುಗಳು. ಪ್ರಪಂಚದ ಸರಕು ಹಡಗುಗಳೆಲ್ಲ ಹೊರಬಲ್ಲ ಭಾರ 200 ಕೋಟಿ ಟನ್ನಿಗೂ ಹೆಚ್ಚು. ಅವುಗಳ ಸ್ವಂತ ತೂಕವನ್ನೂ ಸೇರಿಸಿ ಧಾರಾಳವಾಗಿ 300 ಕೋಟಿ ಎಂದು ಹಿಡಿದರೂ ಸಮುದ್ರ ಏರುವುದು ಒಂದು ಮಿಲಿಮೀಟರಿನ ನೂರನೇ ಒಂದು ಪಾಲಿಗಿಂತ ಕಡಿಮೆ.

ಮೀನುಗಳ ಕಥೆ ಬೇರೆ. ಹಡಗಿನ ಕಬ್ಬಿಣ ನೆಲದಿಂದ ಸಮುದ್ರಕ್ಕೆ ಹೋದದ್ದು. ಮೀನು ಹಾಗೆ ಹೊರಗಿನಿಂದ ಬಂದದ್ದಲ್ಲ, ಅದರ ಮೈ ಸಮುದ್ರದ ನೀರಿನಿಂದ, ಸಮುದ್ರದ ಆಹಾರದಿಂದ ಬೆಳೆದದ್ದು. ಮರಿ ಬೆಳೆದು ತಿಮಿಂಗಿಲವಾದರೆ ಅಷ್ಟು ಸಮುದ್ರ ಅದರ ಮೈಯೊಳಗೆ ಸೇರಿದೆ ಎಂದೇ ಅರ್ಥ. ಆದ್ದರಿಂದ ಮೀನು ಹೆಚ್ಚಿದರೂ ನೀರಿನ ಮಟ್ಟ ಹೆಚ್ಚುಕಡಿಮೆ ಹಾಗೇ ಇರುತ್ತದೆ. ನಮ್ಮ ಪಕ್ಕದ ಚೇಂದಣಿ ಕೋಳಿವಾಡದವರಿಂದ ಹಿಡಿದು ಜಗತ್ತಿನ ಎಲ್ಲ ಮೀನುಗಾರರೂ ಸೇರಿ ವರ್ಷಕ್ಕೆ ಸಮುದ್ರದಿಂದ ಎತ್ತುವ ಮೀನು ಸುಮಾರು 8 ಕೋಟಿ ಟನ್. ಅದರಿಂದ ಸಮುದ್ರ ಇಳಿಯುವುದು ಮಿಲಿಮೀಟರಿನ ನಾಲ್ಕು ಸಾವಿರದ ಒಂದು ಪಾಲೂ ಅಲ್ಲ.

ಹಾಗಾದರೆ ಸಮುದ್ರ ನಿಜವಾಗಿ ಏರುತ್ತಿಲ್ಲವೇ? ಏರುತ್ತಿದೆ. 1993ರಿಂದ ಉಪಗ್ರಹಗಳು ಅಳೆಯುತ್ತಿವೆ, ಈವರೆಗೆ ಸುಮಾರು 10 ಸೆಂಟಿಮೀಟರ್ ಏರಿದೆ, ಈಗ ವರ್ಷಕ್ಕೆ ಸುಮಾರು 4 ಮಿಲಿಮೀಟರಿನಂತೆ ಏರುತ್ತಿದೆ. ಕಾರಣ ತಿಳಿಯಲು ನಾವು ಎರಡು ಲೋಟ ಪಾನಕ ಇಟ್ಟೆವು. ಒಂದರಲ್ಲಿ ಐಸ್ ತುಂಡು ತೇಲಲು ಬಿಟ್ಟು ಅಂಚಿನವರೆಗೆ ತುಂಬಿಸಿದೆವು. ಇನ್ನೊಂದನ್ನೂ ಅಂಚಿನವರೆಗೆ ತುಂಬಿಸಿ, ಮೇಲೆ ಚಹಾ ಸೋಸುವ ಜರಡಿಯಲ್ಲಿ ಐಸ್ ಇಟ್ಟೆವು. ಐಸ್ ಕರಗಿದಾಗ ಮೊದಲನೆಯದು ಒಂದು ಹನಿಯೂ ಚೆಲ್ಲಲಿಲ್ಲ, ಎರಡನೆಯದು ಚೆಲ್ಲಿತು. ತೇಲುವ ಹಿಮ ತನ್ನ ತೂಕದಷ್ಟು ನೀರಿನ ಜಾಗವನ್ನು ಮೊದಲೇ ಹಿಡಿದಿರುತ್ತದೆ, ಕರಗಿ ಅದೇ ಜಾಗವನ್ನು ತುಂಬುತ್ತದೆ. ಉಪ್ಪುನೀರಿನಲ್ಲಿ ಸಿಹಿನೀರಿನ ಹಿಮ ಕರಗುವುದರಿಂದ ಬರುವ ವ್ಯತ್ಯಾಸ ಬಹಳ ಚಿಕ್ಕದು. ಆದರೆ ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾ, ಪರ್ವತಗಳ ಹಿಮ ನೆಲದ ಮೇಲಿದೆ. ಅದು ಜರಡಿಯ ಮೇಲಿನ ಐಸ್. ಗ್ರೀನ್‌ಲ್ಯಾಂಡಿನ ಹಿಮವೆಲ್ಲ ಕರಗಿದರೆ ಸಮುದ್ರ ಸುಮಾರು 7 ಮೀಟರ್ ಏರುತ್ತದೆ. ಇದರ ಜೊತೆಗೆ ಬಿಸಿಯಾದ ನೀರು ತಾನೇ ಹಿಗ್ಗುತ್ತದೆ. ಏರಿಕೆಯಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಈ ಹಿಗ್ಗುವಿಕೆಯಿಂದಲೇ ಬಂದದ್ದು.

ಆರ್ಕಿಮಿಡೀಸನ ಕೊನೆಯ ದಿನಗಳು ಯುದ್ಧದಲ್ಲಿ ಕಳೆದವು. ರೋಮಿಗೂ ಕಾರ್ಥೇಜಿಗೂ ನಡೆಯುತ್ತಿದ್ದ ಯುದ್ಧದಲ್ಲಿ ಹಿಯರೋ ರೋಮಿನ ಪಕ್ಷದಲ್ಲಿದ್ದ. ಆತ ಕ್ರಿ.ಪೂ. 215ರಲ್ಲಿ ತೀರಿಕೊಂಡ ಮೇಲೆ ಸಿರಾಕ್ಯೂಸ್ ಕಾರ್ಥೇಜಿನ ಕಡೆ ವಾಲಿತು. ರೋಮಿನ ಸೇನಾಪತಿ ಮಾರ್ಸೆಲಸ್ ನೆಲದಿಂದಲೂ ಸಮುದ್ರದಿಂದಲೂ ನಗರವನ್ನು ಮುತ್ತಿದ. ಎಪ್ಪತ್ತು ದಾಟಿದ ಮುದುಕ ಊರನ್ನು ಕಾಯಲು ನಿಂತ. ಆತನ ಯಂತ್ರಗಳು ದೂರಕ್ಕೂ ಹತ್ತಿರಕ್ಕೂ ಕಲ್ಲು ಬೀರುತ್ತಿದ್ದವು. ಗೋಡೆಯಾಚೆ ಚಾಚಿದ ಕೊಕ್ಕೆಗಳು ಹಡಗಿನ ಮೂತಿಯನ್ನು ಮೇಲೆತ್ತಿ ಕೈಬಿಡುತ್ತಿದ್ದವು, ಹಡಗು ನೀರು ತುಂಬಿ ಮುಳುಗುತ್ತಿತ್ತು. ಹಡಗು ಹೇಗೆ ತೇಲುತ್ತದೆಂದು ಬಲ್ಲವನಿಗೆ ಹೇಗೆ ಮುಳುಗುತ್ತದೆಂದೂ ತಿಳಿದಿತ್ತು. ಗೋಡೆಯ ಮೇಲೆ ಒಂದು ಹಗ್ಗದ ತುದಿ ಕಂಡರೂ ರೋಮಿನ ಸೈನಿಕರು ಹೆದರಿ ಓಡುತ್ತಿದ್ದರಂತೆ. ಕನ್ನಡಿಗಳಿಂದ ಹಡಗುಗಳನ್ನು ಸುಟ್ಟ ಕಥೆ ಮಾತ್ರ ಬಹಳ ನಂತರದ ಬರಹಗಳಲ್ಲಿ ಸೇರಿದ್ದು, ಹೆಚ್ಚಿನ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ.

ಕ್ರಿ.ಪೂ. 212ರಲ್ಲಿ, ನಗರದವರು ದೇವಿ ಆರ್ಟೆಮಿಸಳ ಹಬ್ಬದಲ್ಲಿ ಮೈಮರೆತಿದ್ದಾಗ, ರೋಮನರು ಗೋಡೆ ಹತ್ತಿ ಒಳನುಗ್ಗಿದರು. ಆರ್ಕಿಮಿಡೀಸನಿಗೆ ಅಪಾಯ ಮಾಡಬಾರದೆಂದು ಮಾರ್ಸೆಲಸ್ ಅಪ್ಪಣೆ ಮಾಡಿದ್ದನಂತೆ. ಲೆಕ್ಕದ ಚಿತ್ರದಲ್ಲಿ ಮುಳುಗಿದ್ದ ಮುದುಕ ಎದ್ದು ಬರಲಿಲ್ಲವೆಂದು ಸಿಟ್ಟಾಗಿ ಒಬ್ಬ ಸೈನಿಕ ಕತ್ತಿಯಿಂದ ಇರಿದುಬಿಟ್ಟ. ಮಾರ್ಸೆಲಸ್ ದುಃಖಪಟ್ಟು, ಬಂಧುಗಳನ್ನು ಕರೆಸಿ ಗೌರವಿಸಿದನೆಂದು ಹೇಳುತ್ತಾರೆ. ಗೋಲ ತನ್ನನ್ನು ಸರಿಯಾಗಿ ಸುತ್ತುವರಿದ ಸಿಲಿಂಡರಿನ ಮೂರರಲ್ಲಿ ಎರಡು ಪಾಲು ಎನ್ನುವ ತನ್ನ ಶೋಧದ ಬಗ್ಗೆ ಆರ್ಕಿಮಿಡೀಸನಿಗೆ ಬಹಳ ಅಭಿಮಾನ. ಆತನ ಇಷ್ಟದಂತೆ ಆ ಚಿತ್ರವನ್ನೇ ಸಮಾಧಿಯ ಮೇಲೆ ಕೆತ್ತಿದರು.

ಆ ಸಮಾಧಿಯನ್ನೂ ಊರು ಮರೆಯಿತು. ಕ್ರಿ.ಪೂ. 75ರಲ್ಲಿ ಸಿಸಿಲಿಗೆ ಅಧಿಕಾರಿಯಾಗಿ ಬಂದ ಸಿಸೆರೋ ಮುಳ್ಳುಪೊದೆಗಳ ನಡುವೆ ಗೋಲ, ಸಿಲಿಂಡರುಗಳ ಗುರುತು ಕಂಡು ಪೊದೆ ಕಡಿಸಿ ದಾರಿ ಮಾಡಿಸಿದ. ತೇಲುವ ವಸ್ತುಗಳ ಗ್ರಂಥದ ಗತಿಯೂ ಹೀಗೇ. ಹತ್ತನೇ ಶತಮಾನದಲ್ಲಿ ಚರ್ಮದ ಹಾಳೆಗಳ ಮೇಲೆ ನಕಲು ಮಾಡಿದ ಒಂದು ಗ್ರೀಕ್ ಪ್ರತಿ ಉಳಿದಿತ್ತು. 1229ರಲ್ಲಿ ಯಾರೋ ಅದರ ಅಕ್ಷರಗಳನ್ನು ಕೆರೆದು ಅದೇ ಹಾಳೆಗಳಲ್ಲಿ ಪ್ರಾರ್ಥನಾ ಪುಸ್ತಕ ಮಾಡಿಕೊಂಡರು. ಹಳೆಯ ಸೀರೆಯಿಂದ ನಾವು ಕೌದಿ ಹೊಲಿದ ಹಾಗೆ, ಕೆಡುಕಿನ ಉದ್ದೇಶವೇನಿಲ್ಲ. 1906ರಲ್ಲಿ ಡೆನ್ಮಾರ್ಕಿನ ವಿದ್ವಾಂಸ ಹೈಬರ್ಗ್ ಪ್ರಾರ್ಥನೆಗಳ ಅಡಿಯಲ್ಲಿ ಮಸುಕಾಗಿದ್ದ ಆರ್ಕಿಮಿಡೀಸನನ್ನು ಗುರುತಿಸಿದ. 1998ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಆ ಪುಸ್ತಕ 20 ಲಕ್ಷ ಡಾಲರಿಗೆ ಮಾರಾಟವಾಯಿತು. ಕೊಂಡವರು ಅದನ್ನು ಬಾಲ್ಟಿಮೋರಿನ ವಾಲ್ಟರ್ಸ್ ಮ್ಯೂಸಿಯಂಗೆ ಒಪ್ಪಿಸಿದರು. ಬಗೆಬಗೆಯ ಬೆಳಕು, ಎಕ್ಸ್‌ರೇಗಳನ್ನು ಹಾಯಿಸಿ ಕೆರೆದ ಅಕ್ಷರಗಳನ್ನು ಮತ್ತೆ ಓದಿದರು.

ನಾವು ಕೋಪರಿಯವರು ಖಾಡಿಯ ಪಕ್ಕದಲ್ಲೇ ಇದ್ದೇವೆ. ಖಾಡಿ ಸಮುದ್ರದಷ್ಟು ದೊಡ್ಡದಲ್ಲ. ಅದರ ಅಂಚಿಗೆ ಕಟ್ಟಡದ ಅವಶೇಷ, ಪ್ಲಾಸ್ಟಿಕ್ ಸುರಿದರೆ ಜಗತ್ತಿನ ಸಮುದ್ರಮಟ್ಟ ಏರದಿದ್ದರೂ ಭರತದ ನೀರು, ಮಳೆಯ ನೀರು ಹರಡಿಕೊಳ್ಳಬೇಕಾದ ಜಾಗ ಕಡಿಮೆಯಾಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ, ಸಮುದ್ರದಲ್ಲಿ ಭರತವೂ ಇದ್ದಾಗ, ಹೋಗಲು ದಾರಿಯಿಲ್ಲದ ನೀರು ಎಲ್ಲಿಗೆ ಬಂತೆಂದು ನಮ್ಮಲ್ಲಿ ಯಾರೂ ಮರೆತಿಲ್ಲ. ಖಾಡಿಯ ಕಾಂಡ್ಲಾ ಗಿಡಗಳು, ಫ್ಲೆಮಿಂಗೋಗಳು ಇಳಿಯುವ ಕೆಸರು ಬಯಲು ಇವು ನೀರಿಗೆ ಬಿಟ್ಟುಕೊಟ್ಟ ಜಾಗ. 2022ರಲ್ಲಿ ಠಾಣೆ ಖಾಡಿ ರಾಮ್ಸರ್ ಪಟ್ಟಿಗೆ ಸೇರಿದಾಗ ನಮಗೆಲ್ಲ ಹೆಮ್ಮೆಯಾಗಿತ್ತು. ಆ ಜಾಗವನ್ನು ಉಳಿಸಿಕೊಳ್ಳುವುದೂ ನಮ್ಮ ಲೆಕ್ಕದಲ್ಲಿ ಇರಬೇಕು.

ಮೊಮ್ಮಗನಿಗೆ ಈಗ ನಾನು ಸಮುದ್ರ ದೊಡ್ಡದು ಎಂದು ಹೇಳಿ ಸುಮ್ಮನಾಗುವುದಿಲ್ಲ. ಮುಂಬಯಿಯ ಅಪೋಲೋ ಬಂದರಿನಲ್ಲಿ 1878ರಿಂದ ಸಮುದ್ರದ ಮಟ್ಟವನ್ನು ಅಳೆದು ಬರೆದಿಡುತ್ತಿದ್ದಾರೆ ಎಂದು ಹೇಳಿದ್ದೆ. ಅಂದಿನಿಂದ ಹುಣ್ಣಿಮೆ, ಅಮಾವಾಸ್ಯೆಯ ಭರತಕ್ಕೆ ನನ್ನನ್ನು ದಡಕ್ಕೆ ಕರೆದುಕೊಂಡು ಹೋಗುತ್ತಾನೆ. ನೀರು ಎಷ್ಟನೇ ಮೆಟ್ಟಿಲು ಮುಟ್ಟಿತೆಂದು ನೋಡಿ, ತಾರೀಖು ಹಾಕಿ, ಹಳೆಯ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಾನೆ. ಹೋದ ಹುಣ್ಣಿಮೆಗೆ ಆರನೇ ಮೆಟ್ಟಿಲು.